ನಾಲ್ಕು ಗಂಟೆಯ ಬಿಸಿಲಿಗೆ ಏಳುವ ಹೆಸರು

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ದೊಡ್ಡ ದೊಡ್ಡ ಪರೀಕ್ಷೆ ಪಾಸು ಮಾಡಿ ಬಂದ ಪೊಲೀಸ್ ಸಾಹೇಬರುಗಳ ಹೆಸರನ್ನು ಮೂವತ್ತಮೂರು ವರ್ಷ ಬರೆದವನು ನಾನೇ. ಜಂಬಕ್ಕೆ ಹೇಳ್ತಿದ್ದಾನೆ ಅಂದುಕೊಂಡರೆ ಅಂದುಕೊಳ್ಳಿ. ಸ್ವಲ್ಪ ಜಂಬ ಇದೆ. ಈಗ ಬೋರ್ಡ್ ಬರೆಯೋ ಕೆಲಸಕ್ಕೆ ಸೇರ್ತಿರೋ ಹುಡುಗರು, ಅದೇ ಮಷೀನಿನಲ್ಲಿ ಸ್ಟಿಕ್ಕರ್ ಕತ್ತರಿಸಿ ಅಂಟಿಸೋರು, ಇದನ್ನು ಓದಿದರೆ ಸಾಕು.

ಬ್ರಷ್ ಹಿಡಿದದ್ದು ಶಿವಾಜಿನಗರದಲ್ಲಿ, ಒಬ್ಬ ಉಸ್ತಾದರ ಹತ್ತಿರ. ಬಿರಿಯಾನಿ ಹೋಟೆಲು, ಕನ್ನಡಕದ ಅಂಗಡಿ, ದರ್ಜಿ ಅಂಗಡಿ, ಎಲ್ಲಾದಕ್ಕೂ ಬೋರ್ಡ್. ಕನ್ನಡ, ತಮಿಳು, ಇಂಗ್ಲಿಷ್, ಉರ್ದು ನಾಲ್ಕೂ ಬರೀತಿದ್ದೆ. ಉರ್ದು ಓದಕ್ಕೆ ಬರ್ತಿರಲಿಲ್ಲ, ಬರೆಯಕ್ಕೆ ಮಾತ್ರ ಬರ್ತಿತ್ತು. "ಓದೋನ ಕಣ್ಣು ಓಡುತ್ತೆ ಬೇಟಾ, ಬರೆಯೋನ ಕಣ್ಣು ನಿಲ್ಲಬೇಕು" ಅನ್ನೋರು ಉಸ್ತಾದ್. ಅಲ್ಲಿಂದ ಪೊಲೀಸ್ ಇಲಾಖೆಯ ವರ್ಕ್‌ಶಾಪಿಗೆ ಪೇಂಟರ್ ಆಗಿ ಸೇರಿಕೊಂಡೆ. ಜೀಪಿನ ನಂಬರು, ಬ್ಯಾರಿಕೇಡು, 'ಇಲ್ಲಿ ಗಾಡಿ ನಿಲ್ಲಿಸಬಾರದು', ಇಂಥವೆಲ್ಲ ದಿನದ ಕೂಲಿ ಕೆಲಸ ಇದ್ದ ಹಾಗೆ. ನನ್ನ ಮರ್ಯಾದೆ ಇದ್ದದ್ದು ಹೆಸರಿನ ಬೋರ್ಡಿನಲ್ಲಿ.

ಅದೇನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಪ್ರತಿ ದೊಡ್ಡ ಅಧಿಕಾರಿಯ ರೂಮಿನಲ್ಲೂ ಒಂದು ಮರದ ಬೋರ್ಡ್ ಇರುತ್ತೆ. ಆ ಕುರ್ಚಿಯಲ್ಲಿ ಮೊದಲಿಂದ ಯಾರ್ಯಾರು ಕೂತರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಸಾಲಾಗಿ ಬರೆದಿರುತ್ತೆ. ಕಪ್ಪು ಬಣ್ಣ, ಬಿಳಿ ಅಕ್ಷರ. ಕೆಳಗೆ ಮುಂದೆ ಬರೋರಿಗೆ ಅಂತ ಖಾಲಿ ಸಾಲು. ಆ ಖಾಲಿ ಸಾಲುಗಳನ್ನು ಹೊಸದಾಗಿ ಬಂದ ಸಾಹೇಬರು ಯಾರೂ ಜಾಸ್ತಿ ಹೊತ್ತು ನೋಡಲ್ಲ. ತಮ್ಮ ಹೆಸರು ನೋಡ್ತಾರೆ, ಮೇಲಿನ ಹೆಸರು ನೋಡ್ತಾರೆ, ಕೆಳಗಿನ ಜಾಗ ಕಣ್ಣಿಗೆ ಬಿದ್ದ ಕೂಡಲೇ ತಿರುಗಿಕೊಳ್ತಾರೆ.

ಈ ಕೆಲಸಕ್ಕೆ ಎರಡು ಕಟ್ಟಳೆ. ಒಂದು, ಅಧಿಕಾರಿ ಬಂದು ಕುರ್ಚಿಯಲ್ಲಿ ಕೂತು ರುಜು ಹಾಕೋವರೆಗೂ ಹೆಸರು ಬರೆಯಬಾರದು. ನಾನು ಒಂದು ಸಲ ಅವಸರ ಮಾಡಿದ್ದೆ. ಹಲಸೂರು ಕಡೆಯ ಒಂದು ಆಫೀಸಿಗೆ ಆರ್ಡರ್ ಆಗಿದ್ದ ಸಾಹೇಬರ ಹೆಸರು ಮುಂಚೆಯೇ ಬರೆದುಬಿಟ್ಟೆ. ಅವರ ಆರ್ಡರ್ ರದ್ದಾಯ್ತು. ಒಂದು ದಿನ ಮಫ್ತಿಯಲ್ಲಿ ಬಂದು, ಬಾಗಿಲಲ್ಲೇ ನಿಂತು ಬೋರ್ಡ್ ನೋಡಿ, "ಅಕ್ಷರ ಚೆನ್ನಾಗಿದೆ ಕಣಯ್ಯ" ಅಂದು ಹೋದರು. ಅವರು ಒಳಗೆ ಕಾಲಿಡಲಿಲ್ಲ. ಕೂತೇ ಇಲ್ಲದವರ ಹೆಸರನ್ನು ಬ್ಲೇಡಿನಲ್ಲಿ ಹೆರೆದು ತೆಗೆದೆ.

ಎರಡನೇ ಕಟ್ಟಳೆ, ಇನ್‌ಚಾರ್ಜ್ ಇದ್ದವರ ಹೆಸರು ಬರೆಯೋ ಹಾಗಿಲ್ಲ. ಕುರ್ಚಿ ಖಾಲಿಯಾಗಿ, ಸರ್ಕಾರ ಇನ್ನೊಬ್ಬರನ್ನು ಹಾಕೋವರೆಗೆ ಪಕ್ಕದ ಅಧಿಕಾರಿ ಒಬ್ಬರು ನೋಡಿಕೊಳ್ತಾರಲ್ಲ, ಅವರು. ಅದಕ್ಕೇ ನಾನು ಸರ್ವೀಸ್ ಪೂರ್ತಿ ಬ್ರಷ್ ಅದ್ದೋ ಮುಂಚೆ ಒಂದೇ ಪ್ರಶ್ನೆ ಕೇಳ್ತಿದ್ದೆ: "ಪಕ್ಕಾನಾ, ಇನ್‌ಚಾರ್ಜಾ?"

ಆ ಪ್ರಶ್ನೆಯನ್ನು ಒಂದು ಸಲ ತಡವಾಗಿ ಕೇಳಿದೆ. ಮುಂದಿನದೆಲ್ಲ ಅದರಿಂದ ಆದದ್ದು.

ಕಂಟೋನ್ಮೆಂಟ್ ಕಡೆ ಒಂದು ಹಳೇ ಕಲ್ಲು ಕಟ್ಟಡದಲ್ಲಿ ಡಿಸಿಪಿ ಆಫೀಸು. ಯಾವುದು ಅಂತ ಹೇಳಲ್ಲ. ಆ ರೂಮಿಗೆ ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ. ಕಿಟಕಿ ಪಕ್ಕದ ಗೋಡೆಗೆ ಬೋರ್ಡು. ಡಿಸಿಪಿ ಸಾಹೇಬರು ವರ್ಗ ಆಗಿ ಹೋದ ವಾರದಲ್ಲೇ ಅಲ್ಲಿನ ಹೆಡ್ ಕ್ಲರ್ಕ್ ರಂಗನಾಥಯ್ಯನೋರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. "ಕೃಷ್ಣಪ್ಪ, ಇದೊಂದು ಬರೆದು ಹೋಗು." ಚೀಟಿಯಲ್ಲಿ ಶರಣಮ್ಮ ಅಂತಿತ್ತು. ರೂಮಿನಲ್ಲಿ ಯಾರೂ ಇರಲಿಲ್ಲ. ದಾರಕ್ಕೆ ಸೀಮೆಸುಣ್ಣ ಬಳಿದು ಗೆರೆ ಹೊಡೆದೆ, ಅಳಿಲು ಕೂದಲಿನ ಬ್ರಷ್‌ನಲ್ಲಿ ಎನಾಮಲ್ ದಪ್ಪಗೆ ಎರಡು ಕೋಟ್ ಕೊಟ್ಟೆ. ಆ ಬೋರ್ಡಿನ ಅಷ್ಟೂ ಸಾಲಿನಲ್ಲಿ ಅದೊಂದೇ ಹೆಂಗಸಿನ ಹೆಸರು. ಅದಕ್ಕೋ ಏನೋ, ಕೈ ಚೆನ್ನಾಗಿ ಓಡಿತ್ತು. ಎರಡು ದಿನ ಬಿಟ್ಟು ವಾರ್ನಿಷ್ ಹಾಕಕ್ಕೆ ಹೋದಾಗ ಅವರು ಕುರ್ಚಿಯಲ್ಲಿದ್ದರು. ಕಲಬುರಗಿ ಕಡೆಯವರು. ಪಿಎಸ್‌ಐ ಆಗಿ ಸೇರಿ ಎಸಿಪಿವರೆಗೆ ಬಂದವರು. ತೆಳ್ಳಗಿನ ಜೀವ, ಗಟ್ಟಿ ಗಂಟಲು.

"ಬರ್ರಿ, ಬಾಳ ಚಂದ ಬರದೀರಿ" ಅಂದರು.

ನನಗೆ ಆಗ ನೆನಪಾಯ್ತು. "ಮೇಡಂ, ತಪ್ಪು ತಿಳೀಬೇಡಿ. ತಾವು ಪಕ್ಕಾನಾ, ಇನ್‌ಚಾರ್ಜಾ?"

"ಇನ್‌ಚಾರ್ಜ್ ರೀ."

"ಹಾಗಿದ್ರೆ ಇದು ಇರೋ ಹಾಗಿಲ್ಲ ಮೇಡಂ. ರೂಲ್ಸು. ನನ್ನ ಬೋರ್ಡಿನಲ್ಲಿ ಇವತ್ತಿನವರೆಗೂ ಒಂದು ತಪ್ಪು ಹೆಸರಿಲ್ಲ."

ಯಾರೂ ನನ್ನನ್ನು ಕೇಳಿರಲಿಲ್ಲ, ಹುಡುಗರೇ. ರಂಗನಾಥಯ್ಯನೋರಿಗೆ ಈ ಕಟ್ಟಳೆ ಹೊಳೆದಿರಲಿಲ್ಲ, ಮೇಲಿನವರು ನೋಡಿರಲಿಲ್ಲ. ನನ್ನ ಕೈಯ ಜಂಬ ನನ್ನ ಬಾಯಲ್ಲಿ ಬಂತು. ಅವರು ಒಂದು ಕ್ಷಣ ಬೋರ್ಡ್ ನೋಡಿದರು. "ಹಂಗಿದ್ರ ಅಳಸ್ರಿ. ನಿಮ್ಮ ಕೆಲಸ ನೀವು ಮಾಡ್ರಿ" ಅಂದು ಫೈಲಿಗೆ ತಲೆ ಬಗ್ಗಿಸಿದರು.

ಒಣಗಿದ ಎನಾಮಲ್ಲನ್ನು ಬ್ಲೇಡಿನಿಂದ ಹೆರೆದು, ಸ್ಯಾಂಡ್‌ಪೇಪರ್ ಉಜ್ಜಿ, ಆಮೇಲೆ ಕಪ್ಪು ಬಳಿಯಬೇಕು. ಅದು ಅರ್ಧ ದಿನದ ಕೆಲಸ. ಅವರ ಎದುರಿಗೇ ಅವರ ಹೆಸರನ್ನು ಕರಕರ ಹೆರೆಯಕ್ಕೆ ನನ್ನಿಂದ ಆಗಲಿಲ್ಲ. ಮೇಲೇ ಕಪ್ಪು ಬಳಿದು ಹೊರಟುಬಿಟ್ಟೆ. ಮೂವತ್ತಮೂರು ವರ್ಷದಲ್ಲಿ ನಾನು ಮಾಡಿದ ಒಂದೇ ಕಳ್ಳ ಕೆಲಸ ಅದು.

ಮೇಡಂ ಆ ಕುರ್ಚಿಯಲ್ಲಿ ಏಳು ತಿಂಗಳು ಕೂತರು. ಅವರ ಕಾಲದ ಒಂದು ಕೇಸ್ ಹೇಳಲೇಬೇಕು, ನಾನು ಕಣ್ಣಾರೆ ಕಂಡದ್ದು. ಹೊರಮಾವಿನ ಬಾಡಿಗೆ ರೂಮುಗಳಲ್ಲಿ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಇರ್ತಾರಲ್ಲ, ಅಲ್ಲಿಂದ ಮೂವರು ಹೆಂಗಸರು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬಳ ಮಗಳು ಮನೆಗೆಲಸಕ್ಕೆ ಅಂತ ಹೋದವಳು ವಾಪಸ್ ಬಂದಿಲ್ಲ. ಯಾರು ಕೇಳಿದರೂ ಬಾಯಿ ಬಿಡ್ತಿರಲಿಲ್ಲ. ಕಾನ್‌ಸ್ಟೇಬಲ್ಲು ಎರಡು ಸಲ ಎಬ್ಬಿಸಿ ಕಳಿಸಿದ್ದ. ಮೇಡಂ ಹೊರಗೆ ಬಂದು, ಯೂನಿಫಾರಂನಲ್ಲೇ ಅದೇ ಮೆಟ್ಟಿಲ ಮೇಲೆ ಕೂತು, "ಯಾವ ಊರವ್ವ ನಿಮ್ದು? ಉಂಡೀರೇನು?" ಅಂದರು. ಅಷ್ಟೇ. ಮೂವರೂ ಒಟ್ಟಿಗೆ ಮಾತಾಡಕ್ಕೆ ಶುರು ಮಾಡಿದರು.

ಮೂರನೇ ದಿನ ಹುಡುಗಿ ಸಿಕ್ಕಿದಳು. ನಾನು ಅವತ್ತು ಜೀಪಿನ ನಂಬರ್ ತಿದ್ದಕ್ಕೆ ಬಂದವನು, ಬಣ್ಣ ಒಣಗೋವರೆಗೆ ಕೈ ಇಡಬಾರದು ಅಂತ ಡ್ರೈವರಿಗೆ ಹೇಳಕ್ಕೆ ಹೋಗಿ ನಾನೂ ಹತ್ತಿಕೊಂಡಿದ್ದೆ. ಆ ಹೆಂಗಸರು ಹೇಳಿದ ಗುರುತು ಹಿಡಿದು ಹೋದದ್ದು ಕುಕ್ ಟೌನಿನ ಒಂದು ಹಳೇ ಬಂಗಲೆಗೆ. ಗೇಟಿಗೆ ಬೀಗ, ಅಂಗಳದಲ್ಲಿ ಮೊಣಕಾಲುದ್ದ ತರಗೆಲೆ. ಮನೆಯವರು ಊರಲ್ಲಿಲ್ಲ ಅಂತ ಅಕ್ಕಪಕ್ಕದವರ ಮಾತು. ಮೇಡಂ ಗೇಟಿನ ಆಚೆಯೇ ನಿಂತು ಮೇಲಿನ ಕಿಟಕಿಯನ್ನು ನೋಡ್ತಾನೇ ಇದ್ದರು.

"ಏನ್ ಮೇಡಂ?" ಅಂತ ಡ್ರೈವರ್ ಕೇಳಿದ.

"ಗಾಳಿ ಇಲ್ಲ. ಆ ಪರದಿ ಯಾಕ ಅಳ್ಳಾಡ್ಲಿಕತ್ತದ?"

ನಾವೆಲ್ಲ ಪರದೆ ಅಂದುಕೊಂಡಿದ್ದು ಹುಡುಗಿ. ಗಾಜಿನ ಹಿಂದೆ ಮಾಸಿದ ನೈಟಿ ಹಾಕಿಕೊಂಡು ನಿಂತಿದ್ದಳು. ದಿನಾ ಬೀದಿಯಲ್ಲಿ ಹೋಗೋರೆಲ್ಲ ಅವಳನ್ನು ನೋಡಿಯೇ ಹೋಗಿದ್ದರು. ಕೂಗೋ ಶಕ್ತಿ ಅವಳಿಗೆ ಉಳಿದಿರಲಿಲ್ಲ. ಬೀಗ ಒಡೆದು ಕರೆತಂದರು. ಜೀವ ಉಳೀತು.

ಮುಂದಿನ ವಾರವೇ ಪಕ್ಕಾ ಡಿಸಿಪಿ ಬಂದರು. ಪೇಪರಿನವರ ಮುಂದೆ ಆ ಕೇಸ್ ಹೇಳಿದ್ದು ಅವರು. ಮೇಡಂನ ಎಲ್ಲೋ ತರಬೇತಿ ಶಾಲೆಗೆ ಹಾಕಿದರು.

ಹೊಸ ಸಾಹೇಬರ ಹೆಸರನ್ನು ನಾನು ಅದೇ ಸಾಲಿನಲ್ಲಿ ಬರೆದೆ, ಬಳಿದ ಕಪ್ಪಿನ ಮೇಲೆ. ಹದಿನೈದು ದಿನಕ್ಕೇ ಆ ಸಾಹೇಬರಿಂದ ಫೋನ್. ಹೋದೆ.

"ಏನ್ರೀ ಇದು, ನನ್ನ ಹೆಸರಿನ ಹಿಂದೆ ಯಾರೋ ಇದ್ದಾರೆ."

"ಎಲ್ಲಿ ಸಾರ್? ಏನೂ ಕಾಣಲ್ವಲ್ಲ."

"ಈಗ ಕಾಣಲ್ಲ. ನಾಲ್ಕು ಗಂಟೆಗೆ ಬನ್ನಿ."

ನಾಲ್ಕಕ್ಕೆ ಹೋಗಿ ನಿಂತೆ. ಕಿಟಕಿಯಿಂದ ಬಿಸಿಲು ಗೋಡೆಯನ್ನು ಸವರಿಕೊಂಡು ಬಂತು. ಕಪ್ಪಿನ ಅಡಿಯಿಂದ ಒಂದೊಂದೇ ಅಕ್ಷರ ಉಬ್ಬಿ ಎದ್ದವು. ಶ, ರ, ಣ. ನನ್ನದೇ ಕೈ, ನನ್ನದೇ ತಿರುವು. ಸಾಹೇಬರ ಹೆಸರು ಬಿಳಿಯಾಗಿ ಮುಂದೆ ಇತ್ತು. ಅದರ ಹಿಂದೆ ನೆರಳಿನಲ್ಲಿ ಇನ್ನೊಂದು. ಹತ್ತು ನಿಮಿಷ ಇದ್ದು, ಬಿಸಿಲು ಕೆಳಗಿಳಿದ ಕೂಡಲೇ ಹೋಯ್ತು.

ದಪ್ಪ ಎನಾಮಲ್ಲಿನ ಗುಣ ಅದು, ನನಗೆ ಗೊತ್ತು. ಇನ್ನೊಂದು ಕೋಟ್ ಕಪ್ಪು ಬಳಿದು ಸಾಹೇಬರ ಹೆಸರನ್ನು ಮತ್ತೆ ಬರೆದೆ. ಮುಂದಿನ ಬೇಸಿಗೆಗೆ ಮತ್ತೆ ಎದ್ದಿತ್ತು. ಆಮೇಲೆ ಬಂದ ಸಾಹೇಬರುಗಳೆಲ್ಲ ಮಧ್ಯಾಹ್ನವೇ ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿಕೊಂಡು ಕೂರಕ್ಕೆ ಶುರು ಮಾಡಿದರು. ಕಾರಣ ಯಾರೂ ಹೇಳ್ತಿರಲಿಲ್ಲ. ಅಲ್ಲಿ ಕಸ ಗುಡಿಸೋ ಸೆಲ್ವಿಯಕ್ಕ ಮಾತ್ರ ಹೇಳಿದಳು. "ಅಣ್ಣಾ, ಒರೆಸೋವಾಗ ಕೈಗೆ ತಟ್ತದೆ. ಉಳ್ಳೆ ಯಾರೋ ಇರ್ಕಾಂಗ." ಒಳಗೆ ಯಾರೋ ಇದ್ದಾರೆ ಅಂತ. ಅವಳು ಆ ಸಾಲನ್ನು ಒರೆಸೋವಾಗ ಚಪ್ಪಲಿ ಬಿಡ್ತಿದ್ದಳು.

ಅಲ್ಲಿಂದ ನನಗೆ ಒಂದು ರೋಗ ಹತ್ತಿಕೊಂಡಿತು. ಕೆ.ಆರ್. ಪುರಂ ಕಡೆಯ ಒಂದು ಆಫೀಸಿನಲ್ಲಿ ಮಳೆ ನೀರು ಇಳಿದು ಬೋರ್ಡ್ ಹಾಳಾಗಿತ್ತು. ಹೊಸದರ ಮೇಲೆ ತಾರೀಖುಗಳನ್ನು ಇಳಿಸ್ತಾ ಇದ್ದೆ. ಒಬ್ಬರು ಮಾರ್ಚ್‌ನಲ್ಲಿ ಹೋಗಿದ್ದಾರೆ, ಮುಂದಿನವರು ಸೆಪ್ಟೆಂಬರ್‌ನಲ್ಲಿ ಬಂದಿದ್ದಾರೆ. ನಡುವೆ? ಅಷ್ಟು ವರ್ಷ ಬರೆದಿದ್ದೆ, ಆ ಸಂದಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿ ದಫ್ತರ ಬರೆಯೋ ಹಳೇ ರೈಟರನ್ನು ಕೇಳಿದೆ.

"ಆಗ ಯಾರ್ ಗುರು ಇದ್ದಿದ್ದು?"

"ಯಾರೂ ಇರ್ಲಿಲ್ಲ ಬಿಡು. ಒಬ್ರು ಲೇಡಿ ಇನ್‌ಚಾರ್ಜ್ ಇದ್ರು."

ಯಾರೂ ಇರಲಿಲ್ಲ, ಒಬ್ಬರು ಇದ್ದರು. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ. ಆಮೇಲೆ ಇಂದಿರಾನಗರ, ಹಲಸೂರು, ಎಲ್ಲಿ ಹೋದರೂ ಮೊದಲು ತಾರೀಖುಗಳ ಸಂದಿ ಹುಡುಕ್ತಿದ್ದೆ. ಸುಳ್ಳು ಹೇಳಲ್ಲ, ಸಂದಿಯಲ್ಲಿ ಗಂಡಸರೂ ಇದ್ದರು. ಆದರೆ ಆ ಗಂಡಸರ ಹೆಸರು ಇನ್ನೊಂದು ಸಾಲಿನಲ್ಲೋ ಇನ್ನೊಂದು ಆಫೀಸಿನಲ್ಲೋ ಸಿಗೋದು. ನಾನು ಕೇಳಿ ತಿಳಿದ ಹೆಂಗಸರದ್ದು ಬೇರೆಲ್ಲೂ ಸಿಗ್ತಿರಲಿಲ್ಲ. ಮಾರ್ಚ್‌ಗೂ ಸೆಪ್ಟೆಂಬರ್‌ಗೂ ನಡುವೆ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದರು. ನನ್ನ ಬೋರ್ಡುಗಳಲ್ಲಿ ಒಂದು ತಪ್ಪು ಹೆಸರಿಲ್ಲ ಅಂತ ಮೆರೀತಿದ್ದೆನಲ್ಲ, ಇಲ್ಲದೇ ಇರೋ ಹೆಸರುಗಳನ್ನು ಬಿಟ್ಟಿದ್ದು ಯಾರು? ನಾನೇ.

ರಿಟೈರ್ ಆಗೋ ವರ್ಷ. ಅದೇ ಕಲ್ಲು ಕಟ್ಟಡದ ಕುರ್ಚಿ ಮತ್ತೆ ಖಾಲಿಯಾಗಿತ್ತು. ಶರಣಮ್ಮ ಮೇಡಂ ಅಷ್ಟು ಹೊತ್ತಿಗೆ ಡಿಸಿಪಿ ದರ್ಜೆಗೆ ಬಂದಿದ್ದರು, ಆದರೆ ಕೂರಿಸಿದ್ದು ಕಾಗದ ಪತ್ರದ ಮೂಲೆಯಲ್ಲಿ. ಈ ಡಿವಿಷನ್ ಕೊಡಿ ಅಂತ ಅವರೇ ಕೇಳಿದ್ದರಂತೆ. ಸರ್ವೀಸ್ ಜಾಸ್ತಿ ಉಳಿದಿರಲಿಲ್ಲ. ಈ ಸಲ ತಪ್ಪಿದರೆ ಮೂಲೆಯಿಂದಲೇ ಮನೆಗೆ. ಯಾರನ್ನು ಹಾಕಬೇಕು ಅಂತ ಮೇಲಕ್ಕೆ ಬರೆಯೋ ದೊಡ್ಡ ಸಾಹೇಬರು ಆಫೀಸ್ ನೋಡಕ್ಕೆ ಬರೋರಿದ್ದರು, ಮೇಡಂಗೂ ಅಲ್ಲಿಗೇ ಬರಕ್ಕೆ ಹೇಳಿದ್ದರು. ಬೋರ್ಡಿನ ಅಂಚಿಗೆ ಬಣ್ಣ ತಿದ್ದು ಅಂತ ನನ್ನನ್ನೂ ಕರೆಸಿದ್ದರು. ಸ್ಟೂಲ್ ಮೇಲೆ ನಿಂತಿರೋ ಪೇಂಟರ್ ಯಾರ ಕಣ್ಣಿಗೂ ಬೀಳಲ್ಲ. ಫ್ಯಾನ್ ಇದ್ದ ಹಾಗೆ.

ಇಬ್ಬರೂ ಒಳಗೆ ಬಂದರು. ದೊಡ್ಡ ಸಾಹೇಬರು ಕೆಟ್ಟವರಲ್ಲ, ಮೆತ್ತಗೇ ಮಾತಾಡೋರು.

"ನೋಡಿ ಮೇಡಂ, ನಿಮ್ಮ ಕೆಲಸದ ಬಗ್ಗೆ ನನಗೆ ಡೌಟೇ ಇಲ್ಲ. ಆದರೆ ಈ ಏರಿಯಾ ಬೇರೆ ಥರ. ಬಂದೋಬಸ್ತು, ಮೆರವಣಿಗೆ, ಗಲಾಟೆ. ಇವತ್ತಿನವರೆಗೆ ಒಬ್ಬ ಲೇಡಿ ಆಫೀಸರ್ ಈ ಕುರ್ಚಿಯಲ್ಲಿ ಕೂತಿಲ್ಲ. ನೀವೇ ನೋಡಿ." ಬೋರ್ಡ್ ಕಡೆ ಕೈ ತೋರಿಸಿದರು.

"ನಾ ಏಳು ತಿಂಗಳ ಕೂತಿದ್ದೆ ಸರ್."

"ಇನ್‌ಚಾರ್ಜ್ ಅಲ್ವಾ? ಅದು ರೆಕಾರ್ಡ್‌ನಲ್ಲಿ ಬರಲ್ಲ. ನಾಳೆ ಮೇಲಿನವರು ಹಿಂದೆ ಯಾರಾದ್ರೂ ಇದ್ರಾ ಅಂತ ಕೇಳಿದ್ರೆ ನಾನು ಏನ್ ತೋರಿಸ್ಲಿ?"

ನಾನು ಗೋಡೆ ಗಡಿಯಾರ ನೋಡಿದೆ. ನಾಲ್ಕಕ್ಕೆ ಎರಡು ನಿಮಿಷ. ನನ್ನ ಪಿಂಚಣಿ ಪೇಪರ್ ಇನ್ನೂ ದೊಡ್ಡ ಸಾಹೇಬರ ಆಫೀಸಿನಲ್ಲೇ ಇತ್ತು. ಸ್ಟೂಲಿನಿಂದ ಇಳಿದೆ.

"ಸಾರ್, ತಪ್ಪು ತಿಳೀಬೇಡಿ. ಬಣ್ಣ ಸರಿಯಾಗಿ ಕೂತಿದ್ಯಾ ನೋಡ್ಬೇಕು. ಒಂದ್ನಿಮಿಷ ಲೈಟ್ ಆರಿಸ್ಲಾ?"

ಅವರು ಹೂಂ ಅನ್ನೋ ಮುಂಚೆಯೇ ಸ್ವಿಚ್ ಆರಿಸಿ ಪರದೆ ಪಕ್ಕಕ್ಕೆ ಸರಿಸಿದೆ.

ರೂಮು ಕತ್ತಲಾದ ಹಾಗಾಗಿ, ಆಮೇಲೆ ಬಿಸಿಲು ಗೋಡೆ ಹತ್ತಿತು. ಎಷ್ಟೋ ವರ್ಷದ ಕಪ್ಪಿನ ಅಡಿಯಿಂದ ಆ ಹೆಸರು ಮೆಲ್ಲಗೆ ಎದ್ದು ನಿಂತಿತು. ಯಾರೋ ಒಳಗಿನಿಂದ ಬೋರ್ಡಿಗೆ ಹಣೆ ಒತ್ತಿದ ಹಾಗೆ. ದೊಡ್ಡ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹತ್ತಿರ ಹೋಗಿ ಬೆರಳಿಟ್ಟರು.

"ಶರಣಮ್ಮ..." ಅಂತ ಓದಿದರು. "ಯಾರು ಬರೆದಿದ್ದು ಇದು?"

"ನಾನೇ ಸಾರ್. ಅಳಿಸಿದ್ದೂ ನಾನೇ. ಯಾರೂ ಹೇಳಿರ್ಲಿಲ್ಲ."

ಅವರು ಮೇಡಂ ಕಡೆ ತಿರುಗಿದರು. ಮೇಡಂ ಬೋರ್ಡ್ ನೋಡ್ತಿರಲಿಲ್ಲ, ಆ ಕುರ್ಚಿ ನೋಡ್ತಿದ್ದರು.

"ಏಳು ತಿಂಗಳ ಅಲ್ಲೇ ಕೂತು ದಿನಾ ಸಂಜಿಕ ಅದನ್ನ ನೋಡೀನಿ ಸರ್. ಬರ್ತಿತ್ತು, ಹೋಗ್ತಿತ್ತು. ಯಾರಿಗೂ ಹೇಳಿಲ್ಲ. ಹೇಳಿದ್ರ ಸರಿಯಾಗಿ ಅಳಸ್ತಿದ್ರು."

ಬಿಸಿಲು ಇಳಿಯೋವರೆಗೂ ಮೂವರೂ ನಿಂತೇ ಇದ್ದೆವು. ಆಮೇಲೆ ದೊಡ್ಡ ಸಾಹೇಬರು, "ಕೂತ್ಕೊಳ್ಳಿ ಮೇಡಂ. ಆ ಏಳು ತಿಂಗಳಲ್ಲಿ ಏನೇನಾಯ್ತು ಹೇಳಿ" ಅಂದರು. ನಾನು ಹೊರಗೆ ಹೋದೆ. ಬಾಗಿಲು ಹಾಕೋವಾಗ ಕೇಳಿಸಿದ್ದು 'ಹೊರಮಾವು' ಅನ್ನೋದೊಂದೇ.

ಆರ್ಡರ್ ಆಗಕ್ಕೆ ತಿಂಗಳು ಹಿಡೀತು. ಆಯ್ತು. ನನ್ನ ಸರ್ವೀಸಿನ ಕಡೇ ವಾರದಲ್ಲಿ ಹೊಸ ಸಾಲಿನಲ್ಲಿ ಅವರ ಹೆಸರು ಬರೆಯಕ್ಕೆ ಹೋದೆ. ಬ್ರಷ್ ಅದ್ದಿದೆ.

"ಕೇಳಂಗಿಲ್ಲೇನ್ರಿ ಕೃಷ್ಣಪ್ಪನೋರ? ಪಕ್ಕಾನೋ, ಇನ್‌ಚಾರ್ಜೋ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

"ಮೇಡಂ, ಹಳೇದನ್ನ ಈಗಲಾದ್ರೂ ಸರಿಯಾಗಿ ಹೆರೀಲಾ?"

"ತಡೀರಿ. ನಿಮ್ಮ ರೋಗ ನನಗೂ ಹತ್ಯದ. ಹಳೇ ಚಾರ್ಜ್ ಪುಸ್ತಕ ತರಿಸ್ಲಿಕತ್ತೀನಿ, ಯಾರು ಯಾವಾಗ ಕೂತ್ರು ಅದರಾಗ ಇರ್ತದ. ಸಂದಿಯೊಳಗ ಇದ್ದವರೆಲ್ಲ ಮೊದಲ ಸಿಗ್ಲಿ."

ರಿಟೈರ್ ಆಗಿ ನಾಲ್ಕು ತಿಂಗಳಾಗಿತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿನಲ್ಲಿ ಸೊಪ್ಪು ಆರಿಸ್ತಿದ್ದೆ. ಫೋನ್ ಬಂತು. "ಬ್ರಷ್ ಇನ್ನೂ ಇಟ್ಟೀರೇನ್ರಿ?"

ಬೋರ್ಡನ್ನು ಗೋಡೆಯಿಂದ ಇಳಿಸಿದೆವು. ಹೆರೆಯೋ ಮುಂಚೆ ಉಸ್ತಾದ್ ಕಲಿಸಿದ ಹಾಗೆ ಕಣ್ಣು ಮುಚ್ಚಿ ಮೇಲಿನಿಂದ ಕೆಳಕ್ಕೆ ಕೈ ಆಡಿಸಿದೆ. ನಾನು ಕೆಲಸಕ್ಕೆ ಸೇರೋ ಮುಂಚಿನ ಸಾಲುಗಳ ಹತ್ತಿರ ಕೈ ನಿಂತಿತು. ಅಲ್ಲೂ ಒಂದು ಉಬ್ಬು. ಯಾರೋ ಸಾಹೇಬರ ಹೆಸರಿನ ಅಡಿಯಲ್ಲಿ ಇನ್ನೊಂದು ಹೆಸರು. ನನಗಿಂತ ಹಿಂದಿನ ಪೇಂಟರ್ ಅಳಿಸಿದ್ದು. ಅವನೂ ಹೆರೆದಿರಲಿಲ್ಲ. ಆ ಎತ್ತರಕ್ಕೆ ನಾಲ್ಕು ಗಂಟೆಯ ಬಿಸಿಲು ಹತ್ತಲ್ಲ, ಅದಕ್ಕೇ ಯಾರಿಗೂ ಕಂಡಿರಲಿಲ್ಲ. ತೆಳು ಕಾಗದ ಇಟ್ಟು ಇದ್ದಿಲು ಉಜ್ಜಿದೆ. ಅಲ್ಲೊಂದು ಗೆರೆ, ಇಲ್ಲೊಂದು ತಿರುವು ಬಿಟ್ಟರೆ ಏನೂ ಏಳಲಿಲ್ಲ. ಆ ವರ್ಷದ ಚಾರ್ಜ್ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಮೇಡಂ ಬಂದು ಆ ಉಬ್ಬಿನ ಮೇಲೆ ಅಂಗೈ ಇಟ್ಟರು. ಸೆಲ್ವಿಯಕ್ಕ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ನಾನೇ ಮೊದಲನೇದಾಕಿ ಅಂದ್ಕೊಂಡಿದ್ದೆ" ಅಂದರು ಮೇಡಂ.

"ಅವರು ಹೆಂಗಸೇ ಅಂತ ಗೊತ್ತಿಲ್ಲ ಮೇಡಂ."

"ಹೌದು. ಗೊತ್ತಿಲ್ಲ."

ಈ ಸಲ ಮರ ಕಾಣೋವರೆಗೂ ಹೆರೆದೆ, ಎರಡು ದಿನ. ಎಲ್ಲಾ ಸಾಲನ್ನೂ ಮೊದಲಿನಿಂದ ಬರೆದೆ, ಸಂದಿಯಲ್ಲಿದ್ದವರನ್ನೂ ಸೇರಿಸಿ, ಗಂಡಸು ಹೆಂಗಸು ಅನ್ನದೆ. ಶರಣಮ್ಮ ಅಂತ ಎರಡು ಕಡೆ ಬಂತು. ಬಣ್ಣ ಒಣಗಿದ ಮೇಲೆ ಬೋರ್ಡನ್ನು ಮತ್ತೆ ಗೋಡೆಗೆ ಹಾಕಿ, ನಾಲ್ಕಕ್ಕೆ ಪರದೆ ತೆಗೆದು ಕಾದು ನಿಂತೆವು. ಬಿಸಿಲು ಬಂತು, ಗೋಡೆ ಸವರಿತು, ಇಳಿದು ಹೋಯ್ತು. ಏನೂ ಏಳಲಿಲ್ಲ.

ಮೇಲುಗಡೆ ಒಂದು ಸಾಲಿನಲ್ಲಿ ಮಾತ್ರ ಬರೀ ಎರಡು ತಾರೀಖು ಇವೆ, ಹಿಂದಿನವರು ಹೋದದ್ದು, ಮುಂದಿನವರು ಬಂದದ್ದು; ಹೆಸರಿಲ್ಲ. ಮುಂದೆ ನಿಮ್ಮಲ್ಲಿ ಯಾರಾದರೂ ಆ ಆಫೀಸಿಗೆ ಹೋದರೆ, ಜಾಗ ಖಾಲಿ ಇದೆ ಅಂತ ಅಲ್ಲಿ ಸ್ಟಿಕ್ಕರ್ ಅಂಟಿಸಬೇಡಿ. ಅದು ಖಾಲಿ ಇಲ್ಲ.